ಟ್ಯಾಬ್ ಕೊಟ್ಟು ಕೇಳಿದ್ದು

ಹೋದ ಮಾರ್ಚ್‌ನಲ್ಲಿ ನಮ್ಮ ಕಂಪನಿಯವರು ನವಲಗುಂದ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ 20 ಟ್ಯಾಬ್ ಕೊಟ್ಟರು. ಮಾರ್ಚ್ ಯಾಕೆ ಅಂತ ಬೆಂಗಳೂರಿನ ಆಫೀಸುಗಳಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಿಲ್ಲ. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅನ್ನೋ ಕಾನೂನು ಇದೆಯಲ್ಲ, ವರ್ಷ ಮುಗಿಯೋದರೊಳಗೆ ಲೆಕ್ಕ ತೋರಿಸಬೇಕು. ಟ್ಯಾಬ್ ಅಂದರೆ ಸುಲಭ. ಎಣಿಸಬಹುದು, ಫೋಟೋ ತೆಗೆಯಬಹುದು. ಯಾವ ಶಾಲೆಯಲ್ಲಿ ಎಷ್ಟು ಹೊತ್ತು ಬಳಸಿದರು ಅಂತ ನೋಡೋಕೆ ಒಂದು ಡ್ಯಾಶ್‌ಬೋರ್ಡೂ ಬೇಕಿತ್ತು. ಅದನ್ನು ಮಾಡಿದವನು ನಾನೇ.

ಆಗಸ್ಟ್‌ನಲ್ಲಿ, "ನೀನು ಹುಬ್ಬಳ್ಳಿಯವನಲ್ವಾ, ಹೇಗೆ ನಡೀತಿದೆ ಒಂದ್ಸಲ ನೋಡ್ಕೊಂಡು ಬಾ" ಅಂತ ಕಳಿಸಿದರು. ಹೋದೆ. ಹೆಸರುಕಾಯಿ ಬಿಡಿಸೋ ದಿನಗಳು. ಮಳೆ ಬಂದು ಎರಿ ಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತಿತ್ತು. ನಾಲ್ಕು, ಐದನೇ ಕ್ಲಾಸಿನ ಎಷ್ಟೋ ಮಕ್ಕಳು ಅಪ್ಪ ಅವ್ವನ ಜೊತೆ ಹೊಲದಲ್ಲಿದ್ದರು. ಟ್ಯಾಬ್‌ಗಳು ಕಬ್ಬಿಣದ ಕಪಾಟಿನಲ್ಲಿದ್ದವು, ಬೀಗ ಹಾಕಿತ್ತು.

ಸುಳ್ಳು ಯಾಕೆ ಹೇಳಲಿ, ಅದನ್ನು ನೋಡಿ ನನಗೆ ಒಂದು ಥರ ಸಮಾಧಾನವೇ ಆಯಿತು. ನಾನು ಓದಿಕೊಂಡಿದ್ದ ಕಥೆಗೆ ಅದು ಸರಿಯಾಗಿ ಹೊಂದುತ್ತಿತ್ತು. ಪೆರು ದೇಶದಲ್ಲಿ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿದರು. 2012ರಲ್ಲಿ ಅದರ ಅಧ್ಯಯನ ಹೊರಬಂದಾಗ ಗಣಿತ, ಭಾಷೆ ಎರಡರಲ್ಲೂ ಸುಧಾರಣೆ ಕಂಡಿರಲಿಲ್ಲ. ನಮ್ಮಲ್ಲಿ 2011ರಲ್ಲಿ ಬಂದ ಆಕಾಶ್ ಟ್ಯಾಬ್ಲೆಟ್‌ನ ಸದ್ದು ಎಷ್ಟು ಬೇಗ ಅಡಗಿತು ಅಂತ ನಿಮಗೂ ನೆನಪಿರಬಹುದು. ಹಳ್ಳಿ ಮಕ್ಕಳಿಗೆ ಬೇಕಿರೋದು ಟ್ಯಾಬ್ ಅಲ್ಲ, ಮೇಷ್ಟ್ರು ಅಂತ ಒಂದು ಪೋಸ್ಟ್ ಬರೆದುಬಿಡೋಣ ಅನ್ನಿಸಿತ್ತು. ಹಾಗೆ ಬರೆಯೋ ನಮ್ಮೆಲ್ಲರ ಮನೆಯ ಮಕ್ಕಳ ಕೈಯಲ್ಲಿ ಟ್ಯಾಬ್ ಇರುತ್ತೆ ಅನ್ನೋದು ಬೇರೆ ಮಾತು.

ಆದರೆ ಅಕ್ಕೋರು ಕಪಾಟು ತೆಗೆದರು. "ಊಟಕ್ಕ ಬಿಟ್ಟಾಗ ಅಷ್ಟ ಒಳಗ ಇಡ್ತೀನ್ರಿ ಸರ. ಒಡದ್ರ ಯಾರು ಕೊಡೋರು?"

ಆ ಶಾಲೆಯಲ್ಲಿ ಐದು ಕ್ಲಾಸಿಗೆ ಇಬ್ಬರೇ ಶಿಕ್ಷಕರು. ನಾಲ್ಕು ಮತ್ತು ಐದನೇ ಕ್ಲಾಸು ಒಂದೇ ಕೋಣೆಯಲ್ಲಿ, ಅಕ್ಕೋರ ಪಾಲು. ಮಧ್ಯಾಹ್ನ ಟ್ಯಾಬ್ ಹಂಚಿದರು. ಹುಡುಗರು ಇಬ್ಬಿಬ್ಬರು ಸೇರಿ ಭಿನ್ನರಾಶಿ ಲೆಕ್ಕಕ್ಕೆ ಕೂತರು. ಕೋಣೆ ತಣ್ಣಗಾಯಿತು. ಆಗ ಅಕ್ಕೋರು ನಾಲ್ಕು ಮಕ್ಕಳನ್ನು ಕರೆದು ಕಿಟಕಿ ಹತ್ತಿರ ಕೂರಿಸಿಕೊಂಡರು. ಇವರು ಇನ್ನೂ ಒತ್ತಕ್ಷರಕ್ಕೆ ತಡವರಿಸೋ ಮಕ್ಕಳು. ಒಬ್ಬೊಬ್ಬರೇ ಪುಸ್ತಕ ಹಿಡಿದು ಓದಬೇಕು, ಅಕ್ಕೋರು ಕೇಳಬೇಕು. ತಡೆದಲ್ಲಿ ಅವರು ಬೆರಳಿಡುತ್ತಿದ್ದರು. ಮಗು ಮತ್ತೆ ಓದುತ್ತಿತ್ತು. ಹೀಗೇ 40 ನಿಮಿಷ.

ಇದರಲ್ಲಿ ಹೊಸದೇನೂ ಇಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲೂ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಟೀಚರ್ ಯಾರಿಗೆ ಬೇಕೋ ಅವರ ಪಕ್ಕ ಕೂರಬಹುದಿತ್ತು. ಕರೆಂಟ್ ಬೇಡದ ಟ್ಯಾಬ್ ಅನ್ನಿ.

ನನ್ನ ಪಕ್ಕ ಕೂತಿದ್ದ ಹುಡುಗಿಯನ್ನು, ಇದು ಯಾಕೆ ಸೇರ್ತದವ್ವಾ ಅಂತ ಕೇಳಿದೆ. "ತಪ್ಪಾದ್ರ ಬಯ್ಯಂಗಿಲ್ರೀ. ಇನ್ನೊಮ್ಮೆ ಮಾಡು ಅಂತೈತಿ." ಅಕ್ಕೋರಿಗೆ ಕೇಳಿಸಿ ನಕ್ಕರು. "ಖರೇ ಐತ್ರಿ. ಇಬ್ಬರ ಕೆಲಸ ಒಬ್ಬಾಕಿ ಮಾಡಿದ್ರ ಬೈಗಳ ಬಂದ ಬರತಾವ."

ನಾಲ್ಕೂವರೆಗೆ ಶಾಲೆ ಬಿಟ್ಟಿತು. ಅಕ್ಕೋರು ಮನೆಗೆ ಹೊರಡಲಿಲ್ಲ, ಮೊಬೈಲ್ ಹಿಡಿದು ಕೂತರು. ಸರ್ಕಾರದ ಮಾಹಿತಿ ತುಂಬೋದು ಮೊದಲೇ ಇತ್ತು, ಈಗ ನಮ್ಮ ಫಾರ್ಮೂ ಸೇರಿದೆ. ಮಗುವಿನ ಹೆಸರು, ಬಳಸಿದ ನಿಮಿಷ, ಮುಗಿಸಿದ ಪಾಠ, ಫೋಟೋ, ಎಲ್ಲಾ ಸೇರಿ 14 ಕಾಲಂ. ಹಳ್ಳಿಯ ನೆಟ್‌ವರ್ಕ್‌ನಲ್ಲಿ ಫೋಟೋ ಹೋಗೋದಿಲ್ಲ. "ನಿಮ್ಮ ಟ್ಯಾಬಿಂದ ತಾಸು ಉಳೀತೈತ್ರಿ ಸರ. ಉಳದದ್ದನ್ನ ನಿಮಗ ವಾಪಸ್ ಕೊಡ್ತೀನಿ ನೋಡ್ರಿ" ಅಂದರು. ಕೋಪದಿಂದ ಹೇಳಲಿಲ್ಲ. ಅದಕ್ಕೇ ನನಗೆ ತಲೆ ಎತ್ತಲು ಆಗಲಿಲ್ಲ.

ಆಮೇಲೆ ಒಂದು ಮೇಲ್ ತೋರಿಸಿದರು. ನಾಲ್ಕು ವಿದ್ಯಾರ್ಥಿಗಳ ಬಳಕೆ ಸೊನ್ನೆ ಇದೆ, ಕಾರಣ ತಿಳಿಸಿ ಅಂತ ನಮ್ಮ ಆಫೀಸಿನಿಂದ ಬಂದಿತ್ತು. ಯಾವ ನಾಲ್ವರು ಅಂತ ಕೇಳೋ ಅಗತ್ಯ ಇರಲಿಲ್ಲ. ಆ ಶಾಲೆಯಲ್ಲಿ ಟ್ಯಾಬ್‌ನಿಂದ ಎಲ್ಲರಿಗಿಂತ ಹೆಚ್ಚು ಉಪಯೋಗ ಆಗಿದ್ದು ಟ್ಯಾಬ್ ಮುಟ್ಟದ ಆ ಮಕ್ಕಳಿಗೆ. ನಾನು ಮಾಡಿದ ಡ್ಯಾಶ್‌ಬೋರ್ಡಿನಲ್ಲಿ ಅವರ ಹೆಸರು ಕೆಂಪು ಬಣ್ಣದಲ್ಲಿತ್ತು.

ರಾತ್ರಿ ಹುಬ್ಬಳ್ಳಿಯಲ್ಲಿ ಬೆಂಗಳೂರಿನ ರೈಲು ಹತ್ತಿದೆ. ಸ್ವಲ್ಪ ಹೊತ್ತಿಗೆ ಕುಂದಗೋಳ ದಾಟಿತು, ನಿಲ್ಲಲಿಲ್ಲ. ಇದೇ ಹಳಿಯ ಮೇಲೆ ಗಂಗೂಬಾಯಿ ಹಾನಗಲ್ ಅವರು ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹುಬ್ಬಳ್ಳಿಯಿಂದ ಹೋಗಿ ಬರುತ್ತಿದ್ದರು. ಭೀಮಸೇನ ಜೋಶಿಯವರ ಕಥೆ ನನಗೆ ಇನ್ನೂ ಹತ್ತಿರದ್ದು ಅನ್ನಿಸಿತು. ಗದುಗಿನ ಹುಡುಗ, ಅಬ್ದುಲ್ ಕರೀಂ ಖಾನ್ ಅವರ ಗ್ರಾಮಫೋನ್ ಪ್ಲೇಟು ಕೇಳಿ ಹುಚ್ಚು ಹತ್ತಿಸಿಕೊಂಡು, 1933ರಲ್ಲಿ ಗುರುವನ್ನು ಹುಡುಕುತ್ತಾ ಮನೆ ಬಿಟ್ಟ. ಎಲ್ಲೆಲ್ಲೋ ಅಲೆದು ಕೊನೆಗೆ ಬಂದಿದ್ದು ಕುಂದಗೋಳಕ್ಕೆ, ಅದೇ ಖಾನ್ ಸಾಹೇಬರ ಶಿಷ್ಯನ ಮನೆಗೆ. ಆ ಪ್ಲೇಟೂ ಬಯ್ಯುತ್ತಿರಲಿಲ್ಲ, ಎಷ್ಟು ಸಲ ಹಾಕಿದರೂ ಹಾಡುತ್ತಿತ್ತು. ಪ್ಲೇಟು ಇಲ್ಲದಿದ್ದರೆ ಹುಡುಗ ಮನೆ ಬಿಡುತ್ತಲೇ ಇರಲಿಲ್ಲವೇನೋ. ಆದರೆ ಅವನ ಸ್ವರ ಎಲ್ಲಿ ಜಾರಿತು ಅಂತ ಕೇಳಿಸಿಕೊಳ್ಳೋಕೆ ಒಬ್ಬ ಮನುಷ್ಯ ಬೇಕಿತ್ತು. ಗುರುಗಳ ಮನೆಗೆ ನೀರು ಹೊತ್ತು ಕಲಿಯೋ ಕಾಲ ಮತ್ತೆ ಬರಲಿ ಅಂತ ನಾನು ಹೇಳುತ್ತಿಲ್ಲ. ನನಗೆ ಕಂಡಿದ್ದು ಇಷ್ಟೇ: ಕಿಟಕಿ ಹತ್ತಿರದ ಆ ನಾಲ್ವರಿಗೂ ಕೇಳಿಸಿಕೊಳ್ಳೋ ಒಬ್ಬರು ಸಿಕ್ಕಿದ್ದರು. ಅದಕ್ಕೆ ಜಾಗ ಮಾಡಿಕೊಟ್ಟಿದ್ದು ಟ್ಯಾಬ್, ಆ ಜಾಗಕ್ಕೆ ಬಾಡಿಗೆ ಕೇಳಿದ್ದು ನಾವು.

ಕೊಟ್ಟವರು ಲೆಕ್ಕ ಕೇಳಬಾರದಾ? ಕೇಳಬೇಕು. ಕೇಳದೇ ಇದ್ದರೆ ಟ್ಯಾಬ್ ಕಪಾಟಿನಲ್ಲೇ ಧೂಳು ತಿನ್ನುತ್ತೆ, ಅದನ್ನೂ ಬೇರೆ ಕಡೆ ನೋಡಿದ್ದೇನೆ. ಆದರೆ ಕೊಟ್ಟ ವಸ್ತುವಿನ ಲೆಕ್ಕ ಕೇಳೋದಕ್ಕೂ ತೆಗೆದುಕೊಂಡವರ ಸಮಯಕ್ಕೆ ಕೈ ಹಾಕೋದಕ್ಕೂ ನಡುವಿನ ಗೆರೆ ಎಲ್ಲಿದೆ ಅಂತ ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ನಾವು ಕೊಟ್ಟದ್ದಕ್ಕೆ ಬೆಲೆ ಇತ್ತು, ಅಕ್ಕೋರ ತಾಸಿಗೆ ಬೆಲೆ ಇದೆ ಅಂತ ನಮಗೆ ಹೊಳೆದೇ ಇರಲಿಲ್ಲ.

ಸೋಮವಾರ ಆಫೀಸಿಗೆ ಹೋಗಿ ಕೆಂಪು ಬಣ್ಣ ತೆಗೆದೆ. 14 ಕಾಲಂಗಳನ್ನು ಮೂರಕ್ಕೆ ಇಳಿಸಿದೆ. ಮ್ಯಾನೇಜರ್ ಒಪ್ಪಿದರು. ಫೋಟೋ ಕಾಲಂ ಒಂದನ್ನು ಮಾತ್ರ ವಾಪಸ್ ಹಾಕಿಸಿದರು.