ಅಭ್ಯಾಸ ಇತ್ತಾ?

ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್ಲಿನ ಅಂಗಳದಲ್ಲಿ ಥಾಮಸ್ ಥೆಚರ್ ಎಂಬ ಸಾಮಾನ್ಯ ಸಿಪಾಯಿಯೊಬ್ಬನ ಗೋರಿಕಲ್ಲಿದೆ. ಹ್ಯಾಂಪ್‌ಶೈರ್ ಮಿಲಿಷಿಯಾದಲ್ಲಿ ಗ್ರೆನೇಡಿಯರ್ ಆಗಿದ್ದವನು. 1764ರ ಮೇ 12ರಂದು, 26ನೇ ವಯಸ್ಸಿಗೆ ತೀರಿಹೋದ. ಕದನದಲ್ಲಲ್ಲ. ಮೈ ಕಾದಿದ್ದಾಗ ತಣ್ಣನೆಯ ಸ್ಮಾಲ್ ಬಿಯರ್ ಕುಡಿದು, ಜ್ವರ ಏರಿ ಸತ್ತನೆಂದು ಕಲ್ಲೇ ಹೇಳುತ್ತದೆ.

ಸ್ಮಾಲ್ ಬಿಯರ್ ಅಂದರೆ ಸಪ್ಪೆ ಬಿಯರ್. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ ಮೊದಲು ಬಸಿದುಕೊಂಡ ರಸದಿಂದ ಗಟ್ಟಿ ಬಿಯರ್ ಆಗುತ್ತಿತ್ತು. ಉಳಿದ ಚರಟಕ್ಕೆ ಇನ್ನೊಮ್ಮೆ ನೀರು ಹೊಯ್ದು ಬಸಿದದ್ದು ಆಳುಕಾಳುಗಳಿಗೆ, ಮಕ್ಕಳಿಗೆ. ಅಮಲು ಹತ್ತಬೇಕೆಂದರೂ ಹತ್ತದ ಪಾನೀಯ ಅದು. ಇಂಥದ್ದನ್ನು ಕುಡಿದು ಸತ್ತವನ ಕಲ್ಲಿನ ಮೇಲೆ ಅವನ ಜೊತೆಗಾರರು ಒಂದು ಪದ್ಯ ಬೇರೆ ಕೆತ್ತಿಸಿದ್ದಾರೆ. ಅದರ ತಾತ್ಪರ್ಯ ಇಷ್ಟೆ: ಸಿಪಾಯಿಗಳಿರಾ, ಬೆವರಿ ಬಂದಾಗ ಕುಡಿಯುವುದಾದರೆ ಗಟ್ಟಿಯಾದದ್ದನ್ನು ಕುಡಿಯಿರಿ, ಇಲ್ಲವಾದರೆ ಸುಮ್ಮನಿರಿ. ಅಂದರೆ ಪಾಪ, ಥೆಚರ್ ಕುಡಿದು ಕೆಟ್ಟವನಲ್ಲ. ಸಾಕಷ್ಟು ಕುಡಿಯದೆ ಕೆಟ್ಟವನು!

ನಗುವ ಮೊದಲು ನಮ್ಮ ಅಜ್ಜಿಯರನ್ನೂ ನೆನೆಯಬೇಕು. "ಬಿಸಿಲಿಂದ ಬಂದ ತಕ್ಷಣ ತಣ್ಣೀರು ಕುಡೀಬೇಡ್ವೋ, ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊಂಡು ಆಮೇಲೆ ಕುಡಿ" ಎಂದು ಗದರಿದವರು ಅವರು. ಥೆಚರನ ಪಡಸಾಲೆಯಲ್ಲಿ ಅಂಥ ಅಜ್ಜಿಯೊಬ್ಬಳು ಇದ್ದಿದ್ದರೆ ಸೈನ್ಯಕ್ಕೆ ಪದ್ಯದ ಖರ್ಚು ಉಳಿಯುತ್ತಿತ್ತೋ ಏನೋ. ಆ ಖರ್ಚಾದರೂ ಒಂದೇ ಸಲಕ್ಕೆ ಮುಗಿಯಲಿಲ್ಲ. ಕಲ್ಲು ಹಾಳಾದಾಗಲೆಲ್ಲ ಸೈನ್ಯದವರೇ ಮುಂದೆ ಬಂದು, 1781ರಲ್ಲಿ, 1802ರಲ್ಲಿ, ಕಡೆಗೆ 1966ರಲ್ಲಿ ಅದನ್ನು ಹೊಸದು ಮಾಡಿದ್ದಾರೆ. ಸೇನಾಪತಿಗಳೆಷ್ಟೋ ಮಂದಿಗೆ ಈ ಭಾಗ್ಯವಿಲ್ಲ. 1918ರಲ್ಲಿ ಯುದ್ಧಕ್ಕೆ ಹೊರಟಿದ್ದ ಬಿಲ್ ವಿಲ್ಸನ್ ಎಂಬ ಅಮೆರಿಕದ ತರುಣ ಅಧಿಕಾರಿ ಈ ಕಲ್ಲಿನ ಮುಂದೆ ನಿಂತು ಓದಿದ. ಮುಂದೆ ಮಹಾ ಕುಡುಕನಾಗಿ, ಬಿಟ್ಟು, 1935ರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಕಟ್ಟಿದವರಲ್ಲಿ ಒಬ್ಬನಾದ. ಆ ಕಲ್ಲು ತನಗೆ ಕೊಟ್ಟ ಎಚ್ಚರಿಕೆಯಾಗಿತ್ತು, ತಾನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ತನ್ನ ಕಥೆಯಲ್ಲಿ ಬರೆದುಕೊಂಡ. ಗಟ್ಟಿಯಾದದ್ದನ್ನೇ ಕುಡಿ ಎನ್ನುವ ಕಲ್ಲಿನಲ್ಲಿ ಕುಡಿಯಬೇಡ ಎಂಬ ಮಾತನ್ನು ಓದಿಕೊಳ್ಳುವುದು ಸಣ್ಣ ಸಾಧನೆಯಲ್ಲ.

ನಮ್ಮಲ್ಲಿ ಸಾವಿನ ಮನೆಗೆ ಹೋದವರು ಚಪ್ಪಲಿ ಬಿಡುವಾಗಲೇ ಕೇಳುವ ಮೊದಲ ಪ್ರಶ್ನೆ, "ಏನಾಗಿತ್ತಂತೆ?" ರಾತ್ರಿ ಊಟ ಮಾಡಿ ಮಲಗಿದವರು ಏಳಲೇ ಇಲ್ಲವಂತೆ ಎಂಬ ಉತ್ತರ ಸಿಕ್ಕರೆ ಸಮಾಧಾನವಾಗುವುದಿಲ್ಲ. ಶಾಮಿಯಾನದ ಪ್ಲಾಸ್ಟಿಕ್ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ, "ಅಭ್ಯಾಸ ಇತ್ತಾ?" ಇತ್ತು ಎಂದರೆ ಕೇಳಿದವನ ಮುಖದಲ್ಲಿ ಸಣ್ಣದೊಂದು ನಿರಾಳ. ಸತ್ತವನ ಬಗ್ಗೆ ಕೇಳಿದ್ದಲ್ಲ ಅದು, ತನ್ನ ಬಗ್ಗೆ ಕೇಳಿಕೊಂಡದ್ದು. ಅವನಿಗೆ ಇತ್ತು, ನನಗಿಲ್ಲ. ಹಾಗಾದರೆ ನನ್ನ ಸರದಿ ಇನ್ನೂ ದೂರ. ಇಲ್ಲ ಎಂದು ಉತ್ತರ ಬಂದರೆ ಮಾತ್ರ ಕಷ್ಟ. ಬೀಡಿ, ಟೆನ್ಷನ್, ಹೊರಗಿನ ಊಟ, ಎಲ್ಲವನ್ನೂ ಒಂದು ಸುತ್ತು ವಿಚಾರಿಸಬೇಕಾಗುತ್ತದೆ. ಥೆಚರನ ಜೊತೆಗಾರರು ಮಾಡಿದ್ದೂ ಇದನ್ನೇ. ಇಪ್ಪತ್ತಾರರ ಗಟ್ಟಿ ಹುಡುಗ ಸುಮ್ಮನೆ ಸಾಯುತ್ತಾನೆ ಎಂದರೆ ನಾಳೆ ಕವಾಯತಿಗೆ ನಿಲ್ಲುವ ಧೈರ್ಯ ಯಾರಿಗಿರುತ್ತದೆ?

ಈ ಲೆಕ್ಕ ಹಾಕುವವರು ಲಂಡನ್ನಿನ ಬ್ರಾಡ್ ಸ್ಟ್ರೀಟಿಗೆ ಒಮ್ಮೆ ಹೋಗಿಬರಬೇಕು. 1854ರ ಆಗಸ್ಟ್ ಕೊನೆಯಲ್ಲಿ ಅಲ್ಲಿ ಕಾಲರಾ ಎದ್ದು, ಆರುನೂರಕ್ಕೂ ಹೆಚ್ಚು ಜನ ಸತ್ತರು. ಜಾನ್ ಸ್ನೋ ಎಂಬ ವೈದ್ಯ ಮನೆಮನೆ ತಿರುಗಿ, ಹೆಚ್ಚುಕಡಿಮೆ ಎಲ್ಲ ಸಾವುಗಳೂ ಬೀದಿಯ ಒಂದು ಕೈಪಂಪಿನ ಸುತ್ತ ನಿಲ್ಲುತ್ತವೆ ಎಂದು ತೋರಿಸಿದ. ಪಂಪಿನ ಹತ್ತಿರವೇ ಒಂದು ಬ್ರೂವರಿ. ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರು, ಒಬ್ಬನೂ ಕಾಲರಾಗೆ ಸಾಯಲಿಲ್ಲ. ಮಾಲೀಕನನ್ನು ವಿಚಾರಿಸಿದರೆ, ನಮ್ಮವರಿಗೆ ದಿನಾ ಬಿಯರ್ ಪುಕ್ಕಟೆ, ನೀರು ಮುಟ್ಟುವುದೇ ಇಲ್ಲ ಎಂದ. ಬ್ರೂವರಿಗೆ ಅದರದೇ ಬಾವಿಯೂ ಇತ್ತು. ಅದೇ ಬೀದಿಯಲ್ಲಿ ಕೋವಿಯ ಕೇಪು ಮಾಡುವ ಕಾರ್ಖಾನೆಯೊಂದಿತ್ತು. ಅಲ್ಲಿನ ಧಣಿಗಳು ಕೆಲಸಗಾರರ ಬಾಯಾರಿಕೆಗೆಂದು ಪಂಪಿನ ನೀರನ್ನು ತೊಟ್ಟಿಗಳಲ್ಲಿ ತುಂಬಿಸಿ ಇಟ್ಟಿದ್ದರು. ಹದಿನೆಂಟು ಜನ ಸತ್ತರು. ಆ ಮನೆತನದ ವಿಧವೆ ತಾಯಿ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದಳು. ಹಳೆಯ ಬೀದಿಯ ನೀರಿನ ರುಚಿ ಬಿಡಲಾರದೆ ಗಾಡಿಯಲ್ಲಿ ತರಿಸಿಕೊಂಡು ಕುಡಿದಳು. ಅವಳೂ ಹೋದಳು. ಆ ಮನೆಯ ಅಂಗಳದಲ್ಲಿ ಯಾರಾದರೂ ಅಭ್ಯಾಸ ಇತ್ತಾ ಎಂದು ಕೇಳಿದ್ದರೆ, ಹೌದು, ನೀರಿನದು ಎನ್ನಬೇಕಿತ್ತು.

ಸ್ನೋ ಸ್ವತಃ ಪಾನನಿರೋಧದ ವ್ರತ ಹಿಡಿದವನು. 45ಕ್ಕೇ ತೀರಿಕೊಂಡ. ಆ ಬೀದಿಯಲ್ಲಿ ಇವತ್ತು ಅವನ ಹೆಸರನ್ನು ಹೊತ್ತು ನಿಂತಿರುವುದು ಒಂದು ಪಬ್ಬು.

ಹಾಗೆಂದು ಬಿಯರನ್ನು ಪ್ರಾಣರಕ್ಷಕ ಎಂದು ಕೊಂಡಾಡಹೊರಟರೆ, ಲಂಡನ್ನಿನಲ್ಲೇ ಅದಕ್ಕೂ ಉತ್ತರವಿದೆ. 1814ರ ಅಕ್ಟೋಬರ್ 17ರಂದು ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯ ಬ್ರೂವರಿಯೊಂದರಲ್ಲಿ 22 ಅಡಿ ಎತ್ತರದ ಮರದ ಹಂಡೆಯ ಪಟ್ಟಿ ಜಾರಿ, ಹಂಡೆ ಒಡೆಯಿತು. ಕಪ್ಪು ಪೋರ್ಟರ್ ಬಿಯರ್ ಗೋಡೆ ಕೆಡವಿಕೊಂಡು ಹಿಂದಿನ ಬಡವರ ಕೇರಿಗೆ ನುಗ್ಗಿತು. ಸತ್ತವರು ಎಂಟು ಮಂದಿ, ಎಲ್ಲರೂ ಹೆಂಗಸರು, ಮಕ್ಕಳು. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ಒಂದು ನೆಲಮಾಳಿಗೆಯಲ್ಲಿ, ಹಿಂದಿನ ದಿನವಷ್ಟೇ ತೀರಿಕೊಂಡಿದ್ದ ಎರಡು ವರ್ಷದ ಮಗುವಿನ ಶವದ ಬಳಿ ದುಃಖ ಹಂಚಿಕೊಳ್ಳಲು ಕೂತಿದ್ದವರು. ಸಾವಿನ ಮನೆಗೇ ಸಾವು ಬಂದಿತು. ವಿಚಾರಣೆಗೆ ಕೂತ ಪಂಚರು ಇದು ಆಕಸ್ಮಿಕ, ಯಾರ ತಪ್ಪೂ ಇಲ್ಲ ಎಂದು ತೀರ್ಮಾನಿಸಿದರು. ಚೆಲ್ಲಿಹೋದ ಬಿಯರಿಗೆ ಕಟ್ಟಿದ್ದ ಸುಂಕ ಕಂಪನಿಗೆ ವಾಪಸ್ ಸಿಕ್ಕಿತು. ಜನ ಬೀದಿಯಲ್ಲಿ ಬೊಗಸೆ ಬೊಗಸೆ ಕುಡಿದು ಬಿದ್ದರೆಂಬ ಕಥೆಯನ್ನು ಆಮೇಲಿನವರು ಸೇರಿಸಿದರು; ಅಂದಿನ ಪತ್ರಿಕೆಗಳಲ್ಲಿ ಅದಿಲ್ಲ. ಬಡವರು ಸತ್ತರೆ ಅಭ್ಯಾಸ ಇದ್ದೇ ಇರಬೇಕಲ್ಲ!

ಕುಡಿತ ಕೊಲ್ಲುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿಯ ಹೆಸರಿನಲ್ಲಿ ಮೀಥೈಲ್ ಆಲ್ಕೊಹಾಲ್ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತದ್ದು ಹಿರಿಯರಿಗೆ ನೆನಪಿರುತ್ತದೆ. ಆರೋಗ್ಯದ ದೃಷ್ಟಿಯಿಂದ ಮದ್ಯದ ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಬಿಡಿಸಿ ಹೇಳಿದೆ. ನನಗದನ್ನು ನಂಬಲು ಅಡ್ಡಿಯಿಲ್ಲ. ಅಡ್ಡಿ ಇರುವುದು, ಬಾರಿನ ಮೂಲೆಯಲ್ಲಿ ಕೂತು "ಬಿಯರ್ ಕುಡಿದ್ರೆ ಕಿಡ್ನಿ ಸ್ಟೋನ್ ಕರಗುತ್ತೆ ಗುರೂ" ಎಂದು ವೈದ್ಯ ಮಾಡುವವರ ಬಗ್ಗೆ. ಇಷ್ಟವಾಗುತ್ತದೆ, ಅದಕ್ಕೆ ಕುಡಿಯುತ್ತೇನೆ ಎನ್ನಲು ಏಕಿಷ್ಟು ಸಂಕೋಚ? ನನಗಂತೂ ಇಷ್ಟವೇ. ಲೋಟ ವಾರೆ ಹಿಡಿದು ಅಂಚಿಗುಂಟ ಇಳಿಸಿ, ಕೊನೆಗೆ ನೆಟ್ಟಗೆ ಮಾಡಿದರೆ ಎರಡು ಬೆರಳಷ್ಟು ನೊರೆ ಏರುತ್ತದೆ. ನೊರೆಗೆ ಮೂಗು ತಗಲುವಾಗ ಹುರಿದ ಧಾನ್ಯದ ವಾಸನೆ, ಆಮೇಲೆ ಹಾಪ್ಸಿನ ಕಹಿ. ಜೊತೆಗೆ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ನಿಂಬೆಹಣ್ಣು ಹಿಂಡಿದ ಮಸಾಲೆ ಕಡ್ಲೆಬೀಜ. ಬೆಂಗಳೂರಿಗೆ ಈ ರುಚಿ ಹತ್ತಿಸಿದ್ದರಲ್ಲಿ ಥೆಚರನ ವಂಶದವರಂಥ ದಂಡಿನ ಸೋಲ್ಜರುಗಳ ಪಾಲೂ ಇದೆ. 1915ರಲ್ಲಿ ಥಾಮಸ್ ಲೀಷ್‌ಮನ್ ದಕ್ಷಿಣದ ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದಾಗ, ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದದ್ದು ಅವರಿಗೇ. ಈ ಲೋಟ ನನ್ನ ಆಯುಸ್ಸಿನಲ್ಲಿ ಎಷ್ಟನ್ನು ಮುರಿದುಕೊಳ್ಳುತ್ತದೋ, ಅದು ಕೊಡಬೇಕಾದ ಬೆಲೆ ಎಂದು ಗೊತ್ತಿದ್ದೇ ಕುಡಿಯುತ್ತೇನೆ. ಕುಡಿಯದ ಮಿತ್ರನೊಬ್ಬ ಎದುರಿಗೆ ಕೂತು ಲೈಮ್ ಸೋಡಾ ಹೀರುತ್ತಾನೆ. ನಮ್ಮಿಬ್ಬರಲ್ಲಿ ಯಾರು ಯಾರ ತಿಥಿಯೂಟ ಉಣ್ಣುತ್ತೇವೆ ಎಂಬ ಬಗ್ಗೆ ಪಂದ್ಯ ಕಟ್ಟುವ ಧೈರ್ಯ ಇಬ್ಬರಿಗೂ ಇಲ್ಲ.

ಸಾವಿನ ಬಗ್ಗೆ ಮಾತಾಡಿದ ಬಿಯರ್ ಅಂಗಡಿಯವರಲ್ಲಿ ನನಗೆ ಗೊತ್ತಿರುವ ಅತಿ ಹಳಬಳು ಸಿದುರಿ. ಮೆಸೊಪೊಟೇಮಿಯಾದ ಗಿಲ್ಗಮೆಶ್ ಕಾವ್ಯದಲ್ಲಿ ಕಡಲಂಚಿಗೆ ಅಂಗಡಿ ಇಟ್ಟವಳು. ಜೀವದ ಗೆಳೆಯ ಎಂಕಿದು ಸತ್ತ ಮೇಲೆ ತನಗೂ ಅದೇ ಗತಿಯೆಂದು ಹೆದರಿ, ಸಾವಿಲ್ಲದ ಬದುಕನ್ನು ಹುಡುಕುತ್ತ ದೊರೆ ಗಿಲ್ಗಮೆಶ್ ಅವಳ ಬಾಗಿಲಿಗೆ ಬರುತ್ತಾನೆ. ಕಾಡಿನಿಂದ ನಾಡಿಗೆ ಬಂದ ದಿನ ಏಳು ಪಾತ್ರೆ ಬಿಯರ್ ಕುಡಿದು ಹಾಡಿದವನು ಆ ಎಂಕಿದು. ಆದರೂ ಸಿದುರಿ ಅಭ್ಯಾಸ ಇತ್ತಾ ಎಂದು ಕೇಳುವುದಿಲ್ಲ. ಮನುಷ್ಯನನ್ನು ಮಾಡಿದಾಗಲೇ ದೇವರುಗಳು ಸಾವನ್ನು ಅವನ ಪಾಲಿಗಿಟ್ಟರು ಎನ್ನುತ್ತಾಳೆ. ಹೊಟ್ಟೆ ತುಂಬ ಉಣ್ಣಬೇಕು, ಹಗಲಿರುಳು ಕುಣಿದು ನಲಿಯಬೇಕು, ಶುಭ್ರವಾದ ಬಟ್ಟೆ ಉಡಬೇಕು, ತಲೆ ತೊಳೆದು ಸ್ನಾನ ಮಾಡಬೇಕು, ಕೈಹಿಡಿದ ಮಗುವನ್ನು ಕಣ್ತುಂಬ ನೋಡಬೇಕು, ಹೆಂಡತಿಯನ್ನು ಅಪ್ಪಿ ಸಂತೋಷಪಡಿಸಬೇಕು ಎಂದು ಹೇಳುತ್ತಾಳೆ. ಬಿಯರ್ ಮಾರುವವಳ ಈ ಪಟ್ಟಿಯಲ್ಲಿ ಬಿಯರ್ ಇಲ್ಲ. ಅಂಥ ಪ್ರಾಮಾಣಿಕ ವ್ಯಾಪಾರಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಗಿಲ್ಗಮೆಶ್ ಕೇಳಲಿಲ್ಲ. ಸಾವಿಲ್ಲದವನ ಮನೆಗೆ ದಾರಿ ಯಾವುದು ಎಂದು ಮತ್ತೆ ಅದನ್ನೇ ಕೇಳಿದ. ಅವಳು ಹೇಳಿ ಕಳಿಸಿದಳು. ಹೋದ, ನೀರಿನ ತಳಕ್ಕಿಳಿದು ಮುಪ್ಪು ಕಳೆಯುವ ಗಿಡವನ್ನು ಕಿತ್ತೂ ತಂದ. ಊರಿಗೆ ವಾಪಸ್ ಬರುವಾಗ ತಂಪಾದ ಕೊಳವೊಂದು ಕಂಡಿತು, ಮೈ ತೊಳೆಯಲು ಇಳಿದ. ಅಷ್ಟರಲ್ಲಿ ಗಿಡವನ್ನು ಹಾವು ಕಚ್ಚಿಕೊಂಡು ಹೋಯಿತು. ಸಿದುರಿ ಹೇಳಿದ್ದರಲ್ಲಿ ಸ್ನಾನವನ್ನಾದರೂ ಅವನು ಪಾಲಿಸಿದ.