ಇಂದಿನ ಧಮ್ಮ ಚಿಂತನೆ: ಬಿರುಗಾಳಿ ಮತ್ತು ಒಂಟಿ ಮರ



ಕಳೆದ ಭಾನುವಾರ ಅಧ್ಯಯನ ಮುಗಿದ ಮೇಲೆ ನಮ್ಮ ಹಿರಿಯ ಉಪಾಸಕರೊಬ್ಬರು ಒಂದು ಪ್ರಶ್ನೆ ಕೇಳಿದರು. ಅಂದು ಉತ್ತರಿಸಲು ಸಮಯ ಸಾಲಲಿಲ್ಲ. "ಮೇಷ್ಟ್ರೇ, ಮರಕ್ಕೂ ಜೀವ ಇದೆ, ಕಡಿಯಬಾರದು ಅಂತೀರಿ. ಅದೇ ಮರ ಮನುಷ್ಯನ ತಲೆ ಮೇಲೆ ಬಿದ್ದರೆ? ಆಗ ಕರುಣೆ ಯಾರ ಮೇಲೆ ಇಡೋದು?"

ಅವರು ವಾದಕ್ಕಾಗಿ ಕೇಳಿದ್ದಲ್ಲ. ಮೊನ್ನೆಯ ಗಾಳಿಮಳೆಗೆ ಅವರ ರಸ್ತೆಯ ದೊಡ್ಡ ಗುಲ್‌ಮೊಹರ್ ಬುಡಸಮೇತ ಉರುಳಿ ಒಂದು ಕಾರು, ಒಂದು ತಳ್ಳುಗಾಡಿ ಜಜ್ಜಿಹೋದವು. ಜನರಿಗೆ ಏನೂ ಆಗಲಿಲ್ಲ. ಈಗ ಆ ರಸ್ತೆಯಲ್ಲಿ ಉಳಿದಿರುವ 11 ಮರಗಳನ್ನೂ ತೆಗೆಸಬೇಕೆಂದು ಅರ್ಜಿಯೊಂದು ಸಹಿಗಾಗಿ ಮನೆಮನೆ ಸುತ್ತುತ್ತಿದೆ. ನಮ್ಮ ವೃಂದದ ನಾಲ್ಕು ಮನೆಗಳು ಅದೇ ರಸ್ತೆಯಲ್ಲಿವೆ. ಆದ್ದರಿಂದ ಈ ಚಿಂತನೆ ಅವರಿಗೂ, ನನಗೂ.

ಜಾತಕ ಕಥೆಗಳಲ್ಲಿ 74ನೆಯದು ರುಕ್ಖಧಮ್ಮ ಜಾತಕ. ಪಾಲಿಯ 'ರುಕ್ಖ' ಎಂದರೆ ನಮ್ಮ 'ವೃಕ್ಷ'ವೇ. ರೋಹಿಣಿ ನದಿಯ ನೀರಿಗಾಗಿ ತನ್ನ ಬಂಧುಗಳೇ ಹೊಡೆದಾಟಕ್ಕೆ ನಿಂತಾಗ ಭಗವಾನರು ಹೇಳಿದ ಕಥೆ ಅದು. ಒಮ್ಮೆ ವೃಕ್ಷದೇವತೆಗಳಿಗೆಲ್ಲ 'ನಿಮಗಿಷ್ಟವಾದ ಮರ ಆರಿಸಿಕೊಳ್ಳಿ' ಎಂಬ ಅಪ್ಪಣೆಯಾಯಿತಂತೆ. ಹಿಮಾಲಯದ ಸಾಲವನದಲ್ಲಿ ದೇವತೆಯಾಗಿದ್ದ ಬೋಧಿಸತ್ವನು ತನ್ನವರಿಗೆ, ಬಯಲಲ್ಲಿ ಒಂಟಿಯಾಗಿ ನಿಂತ ಮರ ಬೇಡ, ಈ ಕಾಡಿನೊಳಗೆ ನನ್ನ ಸುತ್ತಲೇ ಇರಿ ಎಂದು ಬುದ್ಧಿ ಹೇಳಿದ. ಕೆಲವರು ಕೇಳಿದರು. ಉಳಿದವರು, ಊರ ಹತ್ತಿರ ಇದ್ದರೆ ಜನ ಪೂಜೆ ಮಾಡುತ್ತಾರೆ, ಕಾಣಿಕೆ ಕೊಡುತ್ತಾರೆ ಎಂದು ಹಳ್ಳಿ ಪಟ್ಟಣಗಳ ಪಕ್ಕದ ಭಾರಿ ಮರಗಳನ್ನು ಹಿಡಿದರು. ಒಂದು ದಿನ ಬಿರುಗಾಳಿ ಎದ್ದಿತು. ಆಳಕ್ಕೆ ಬೇರುಬಿಟ್ಟಿದ್ದ ಆ ದೊಡ್ಡ ಮರಗಳೂ ಬುಡಮೇಲಾದವು. ಒಂದಕ್ಕೊಂದು ಹೆಣೆದುಕೊಂಡಿದ್ದ ಸಾಲವನದಲ್ಲಿ ಒಂದು ಮರವೂ ಬೀಳಲಿಲ್ಲ.

ಬಂಧುಗಳ ಒಗ್ಗಟ್ಟಿಗೆಂದು ಹೇಳಿದ ಈ ಕಥೆಯನ್ನು ನಾನು ಈ ವಾರ ಅಕ್ಷರಶಃ ಮರದ ಕಥೆಯಾಗಿಯೇ ಓದಿಕೊಂಡೆ. ನಮ್ಮ ಬೆಂಗಳೂರಿನ ರಸ್ತೆಬದಿಯ ಪ್ರತಿಯೊಂದು ಮರವೂ ಆ ಪಟ್ಟಣದ ಪಕ್ಕದ ಒಂಟಿ ಮರವೇ. ಆದರೆ ಅದು ಕಾಣಿಕೆಯ ಆಸೆಗೆ ಇಲ್ಲಿಗೆ ಬಂದದ್ದಲ್ಲ, ನಾವೇ ತಂದು ನೆಟ್ಟದ್ದು. ಗುಲ್‌ಮೊಹರ್ ಅಂತೂ ಮಡಗಾಸ್ಕರ್‌ನಿಂದ ಬಂದ ಮರ.

ಬಿದ್ದ ಮರದ ಬುಡವನ್ನು ಹೋಗಿ ನೋಡಿದೆ. ಚರಂಡಿಯ ಕಡೆಯ ಬೇರುಗಳೆಲ್ಲ ಚಾಕುವಿನಲ್ಲಿ ಕೊಯ್ದಂತೆ ನೇರವಾಗಿ ತುಂಡಾಗಿದ್ದವು. ಎರಡು ವರ್ಷದ ಹಿಂದೆ ಚರಂಡಿ ಅಗೆದಾಗಿನ ಗಾಯ ಅದು, ಒಳಗೆ ಕೊಳೆತು ಕಪ್ಪಾಗಿತ್ತು. ಇನ್ನೊಂದು ಕಡೆ ಕಾಂಡಕ್ಕೆ ಅಂಟಿಕೊಂಡೇ ಕಾಂಕ್ರೀಟ್. ಒಂದು ಹನಿ ನೀರು ಇಳಿಯಲು ಸಂದಿಲ್ಲ. ಮೇಲೆ, ತಂತಿಯ ಕಡೆಯ ಕೊಂಬೆಗಳನ್ನು ವರ್ಷ ವರ್ಷ ಸವರಿದ್ದರಿಂದ ಭಾರವೆಲ್ಲ ರಸ್ತೆಯ ಕಡೆಗೆ ವಾಲಿತ್ತು. ಪ್ರತೀತ್ಯ ಸಮುತ್ಪಾದವನ್ನು ನಾವು ಎಷ್ಟೋ ಭಾನುವಾರ ಬೋರ್ಡಿನ ಮೇಲೆ ಬರೆದು ಓದಿದ್ದೇವೆ. ಅಲ್ಲಿ ಅದು ಮಣ್ಣಿನಲ್ಲೇ ಬರೆದಿತ್ತು. ಗಾಳಿ ಕೊನೆಯ ಕಾರಣ, ಅಷ್ಟೇ.

ಮರದ ನೀರು ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ನಾವು ಕಾಂಕ್ರೀಟ್ ಸುರಿಯುವುದು, ಕೇಬಲ್ಲಿಗೆ ಅಗೆಯುವುದು, ಉದುರಿದೆಲೆ ಗುಡ್ಡೆಹಾಕಿ ಬೆಂಕಿ ಇಡುವುದು ಎಲ್ಲವೂ ಸರಿಯಾಗಿ ಅಲ್ಲೇ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ಆದೇಶಿಸಿತ್ತು. ಒಂದು ಮೀಟರ್ ಎಂದರೆ ಒಂದು ಸ್ಕೂಟರ್ ನಿಲ್ಲಿಸುವ ಜಾಗವೂ ಅಲ್ಲ.

ಈಗ ಹಿರಿಯರ ಪ್ರಶ್ನೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬುಡ ಟೊಳ್ಳಾಗಿ ವಾಲಿದ ಮರವನ್ನು ತೆಗೆಯಲೇಬೇಕು. ಅದನ್ನು ಹಾಗೇ ಬಿಟ್ಟು 'ಅಹಿಂಸೆ' ಎನ್ನುವುದು ಕರುಣೆಯಲ್ಲ, ಉದಾಸೀನ. ಆದರೆ ಒಂದು ಮರ ಬಿದ್ದದ್ದಕ್ಕೆ 11 ಮರಗಳಿಗೆ ಶಿಕ್ಷೆ ಕೊಡುವುದು ಭಯದ ಕೆಲಸ, ವಿವೇಕದ್ದಲ್ಲ. ಯಾವುದು ಕೊಳೆತಿದೆ, ಯಾವುದಕ್ಕೆ ಒಣಕೊಂಬೆ ತೆಗೆದರೆ ಸಾಕು ಎಂದು ನೋಡಲು ವೃಕ್ಷಾಧಿಕಾರಿ ಇದ್ದಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವರ ಅನುಮತಿಯಿಲ್ಲದೆ ರಸ್ತೆಬದಿಯ ಮರ ಕಡಿಯುವಂತೆಯೂ ಇಲ್ಲ.

ಇನ್ನೊಂದು ಮಾತು. ಆ ಅರ್ಜಿಯನ್ನು ನಾನು ಓದಿದೆ. ಸಹಿ ಹಾಕಿದವರೆಲ್ಲ ಮನೆ ಮಾಲೀಕರು. ಆ ಮರಗಳ ಕೆಳಗೆ ಬೆಳಿಗ್ಗೆ ಹತ್ತರ ಹೊತ್ತಿಗೆ ಕೂತು ಬುತ್ತಿ ಬಿಚ್ಚುವ ಪೌರಕಾರ್ಮಿಕ ಅಕ್ಕಂದಿರ ಸಹಿ ಇಲ್ಲ. ಹೂವಿನಮ್ಮನದಿಲ್ಲ, ಆಟೋದವರದಿಲ್ಲ. ಕಾರು ಜಜ್ಜಿದ ಸುದ್ದಿ ಎಲ್ಲ ಗುಂಪಿನಲ್ಲೂ ಬಂತು. ತಳ್ಳುಗಾಡಿ ಕಳೆದುಕೊಂಡವನು ಮರುದಿನ ಬಾಡಿಗೆ ಗಾಡಿ ತಂದು ಪಕ್ಕದ ಹೊಂಗೆಯ ನೆರಳಿನಲ್ಲೇ ನಿಲ್ಲಿಸಿಕೊಂಡ. ಬೇರೆಲ್ಲಿ ನಿಲ್ಲಬೇಕು ಅವನು?

ನಮ್ಮ ಹಿರಿಯರಿಗೆ ಊರಿನ ಅರಳಿಕಟ್ಟೆಯ ಬಗ್ಗೆ ಗೊತ್ತು. ಸಾಹಿತ್ಯದಲ್ಲಿ ಅದನ್ನು ಎಷ್ಟು ಚೆಂದವಾಗಿ ವರ್ಣಿಸಿದರೂ ನಮ್ಮ ತಾತಂದಿರು ಅದರ ಮೇಲೆ ಕೂರುವಂತಿರಲಿಲ್ಲ. ಪಟ್ಟಣದ ಬೀದಿಮರ ಜಾತಿ ಕೇಳದೆ ನೆರಳು ಕೊಟ್ಟಿತು. 1917ರಲ್ಲಿ ಬರೋಡದ ಪಾರ್ಸಿ ವಸತಿಗೃಹದಿಂದ ಹೊರದೂಡಲ್ಪಟ್ಟ ಬಾಬಾಸಾಹೇಬರಿಗೆ ಸ್ನೇಹಿತರ ಮನೆಯಲ್ಲೂ ಜಾಗ ಸಿಗದೆ, ರಾತ್ರಿಯ ಮುಂಬಯಿ ರೈಲಿನವರೆಗೆ ಕಾಲ ಕಳೆದದ್ದು ಕಾಮಾಟಿ ಬಾಗ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ. ಅಲ್ಲಿನ ಆಲದ ಮರದಡಿಯನ್ನು ಇಂದು ಸಂಕಲ್ಪ ಭೂಮಿ ಎಂದು ಗೌರವಿಸುತ್ತೇವೆ. ಅಷ್ಟು ಓದಿದ ಮನುಷ್ಯನಿಗೆ ಇಡೀ ನಗರದಲ್ಲಿ ಬಾಗಿಲಿಲ್ಲದ ಜಾಗ ಎಂದರೆ ಅದೊಂದೇ.

ಸಸಿ ನೆಡುವ ಉತ್ಸಾಹ ನಮ್ಮಲ್ಲಿ ಕಡಿಮೆಯಿಲ್ಲ. ಜೂನ್ 5ರಂದು ನೆಟ್ಟು ಫೋಟೋ ತೆಗೆಸಿಕೊಳ್ಳಲು ಹತ್ತು ಕೈ ಇರುತ್ತವೆ. ಮಾರ್ಚಿನಲ್ಲಿ ಬಿಂದಿಗೆ ಹಿಡಿಯಲು ಒಂದೂ ಇಲ್ಲ. ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ದಂಪತಿ ನೀರು ಹೊತ್ತರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಅವರು ನೆಟ್ಟದ್ದನ್ನು ಮರ ಮಾಡಿದ್ದು ಆ ಕೆಲಸ. ಅದಿಲ್ಲದೆ ಹೋದರೆ ಬಿದ್ದ ಗುಲ್‌ಮೊಹರ್ ಜಾಗದಲ್ಲಿ ಇನ್ನೊಂದು ಒಣಕಡ್ಡಿ, ಅದರ ಸುತ್ತ ಕಬ್ಬಿಣದ ಪಂಜರ ಅಷ್ಟೇ ಉಳಿಯುತ್ತದೆ.

ಸಾಲವನದ ಮರಗಳಿಗೆ ಅಕ್ಕಪಕ್ಕದ ಮರಗಳಿದ್ದವು. ಇಲ್ಲಿ ಆ ಅಕ್ಕಪಕ್ಕ ನಾವೇ ಆಗಬೇಕು. ಅಗೆಯುವವರು ಬಂದಾಗ ಮನೆಯಿಂದ ಹೊರಬಂದು 'ಅಣ್ಣ, ಬೇರು ಬಿಟ್ಟು ಸ್ವಲ್ಪ ಆ ಕಡೆ ಅಗೀರಿ' ಎನ್ನುವ ಒಬ್ಬ ಮನುಷ್ಯ ಪ್ರತಿ ಮರಕ್ಕೂ ಇದ್ದರೆ ಎಷ್ಟೋ ಆಯಿತು. ಮುಂಗಾರಿಗೆ ಮೊದಲು ಬುಡದಲ್ಲಿ ಅಣಬೆ ಎದ್ದಿದೆಯೇ, ಕಾಂಡ ಬಿರಿದಿದೆಯೇ, ಕೊಂಬೆ ಒಣಗಿದೆಯೇ ಎಂದು ವರ್ಷಕ್ಕೊಮ್ಮೆ ಕತ್ತೆತ್ತಿ ನೋಡಬೇಕು. ಹೊಡೆದ ಮೊಳೆ ಕೀಳಬೇಕು.

ಆ ನಾಲ್ಕು ಮನೆಯವರಲ್ಲಿ ನನ್ನ ವಿನಂತಿ: ಅರ್ಜಿಗೆ ಸಹಿ ಹಾಕುವ ಮೊದಲು ಮರಗಳ ತಪಾಸಣೆ ಕೇಳಿ ಇನ್ನೊಂದು ಅರ್ಜಿ ಬರೆಯೋಣ. ಕರಡು ನಾನು ಬರೆದಿದ್ದೇನೆ. ಮರದಡಿ ದುಡಿಯುವವರ ಸಹಿಗೂ ಅದರಲ್ಲಿ ಜಾಗ ಬಿಟ್ಟಿದ್ದೇನೆ. ಶನಿವಾರ ಸಂಜೆ 5ಕ್ಕೆ ಬಿದ್ದ ಮರದ ಗುಂಡಿಯ ಹತ್ತಿರ ಸೇರೋಣ. ಹಾರೆ ಇದ್ದವರು ತನ್ನಿ. ಪಕ್ಕದ ಹೊಂಗೆಯ ಬುಡದಲ್ಲಿ ಸಿಮೆಂಟು ಆಗಲೇ ಬಿರುಕು ಬಿಟ್ಟಿದೆ.

ನಮೋ ಬುದ್ಧಾಯ. ಜೈ ಭೀಮ್ 🙏