ಗಾಜಿನ ತೊಟ್ಟಿಯ ಜೀವಿಯೂ ಅಹಿಂಸಾಣುವ್ರತವೂ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ತಾನು ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲವೆಂಬಷ್ಟರಿಂದಲೇ ವ್ರತವು ಪೂರ್ಣವಾಯಿತೆಂದು ತಿಳಿಯುವಂತಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳಿದೆ. ಇಲ್ಲಿ ವಧವೆಂದರೆ ಹೊಡೆತವೇ ಹೊರತು ಪ್ರಾಣಹರಣವಲ್ಲ. ಈ ಐದೂ ಹೆಚ್ಚಾಗಿ ನಾವು ಸಾಕುವ ಪ್ರಾಣಿಗಳ ವಿಷಯದಲ್ಲಿಯೇ ಸಂಭವಿಸುವ ದೋಷಗಳೆಂಬುದು ಗಮನಾರ್ಹ. ನಮ್ಮ ಹಿರಿಯರ ಕಾಲದಲ್ಲಿ ಇವುಗಳ ವಿಚಾರ ಬರುತ್ತಿದ್ದುದು ಹಟ್ಟಿಯ ಹಸು, ಗದ್ದೆಯ ಕೋಣಗಳ ಸಂಬಂಧದಲ್ಲಿ. ಇಂದು ಚಾವಡಿಯ ಮೂಲೆಯಲ್ಲಿ ದೀಪ ಹಚ್ಚಿಟ್ಟ ಗಾಜಿನ ತೊಟ್ಟಿಯ ಸಂಬಂಧದಲ್ಲಿಯೂ ಅದೇ ವಿಚಾರ ಬಂದೊದಗಿದೆ.

ಬಣ್ಣದ ಮೀನುಗಳ ಜೊತೆಗೆ ಈಗ ದೊಡ್ಡ ನಗರಗಳ ಅಂಗಡಿಗಳಲ್ಲಿ ನ್ಯೂಟ್, ಅಕ್ಸೊಲಾಟಲ್ ಮುಂತಾದ ಜೀವಿಗಳಿಗೂ ಗಿರಾಕಿಗಳಿದ್ದಾರೆ. ನ್ಯೂಟ್ ಆಕಾರದಲ್ಲಿ ಹಲ್ಲಿಯಂತೆ, ಕುಲದಲ್ಲಿ ಕಪ್ಪೆಗೆ ಹತ್ತಿರ. ನೀರಿನಲ್ಲಿಯೂ ನೆಲದಲ್ಲಿಯೂ ಬಾಳುವ ಇದರ ತೊಗಲು ತೆಳುವಾದುದು, ಸದಾ ತೇವದಿಂದಿರತಕ್ಕದ್ದು. ನಮ್ಮ ಪಶ್ಚಿಮ ಘಟ್ಟದಲ್ಲಿ ಈ ಜಾತಿಯಿಲ್ಲ. ಭಾರತದಲ್ಲಿ ಇದು ವಾಸಿಸುವುದು ಡಾರ್ಜಿಲಿಂಗ್, ಸಿಕ್ಕಿಂ ಮೊದಲಾದ ಪೂರ್ವ ಹಿಮಾಲಯ ಹಾಗೂ ಈಶಾನ್ಯದ ಗುಡ್ಡಗಾಡುಗಳ ತಂಪು ಕೊಳಗಳಲ್ಲಿ. ಆ ಹಿಮಾಲಯದ ನ್ಯೂಟ್‌ಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಮಾರಾಟದಲ್ಲಿ ಕಾಣಸಿಗುವವು ಹೆಚ್ಚಾಗಿ ಚೀನ, ಜಪಾನ್ ಮೂಲದ ಕೆಂಪು ಹೊಟ್ಟೆಯ ಜಾತಿಗಳು.

ಎರ್ಮಾಳಿನಂತಹ ಕಡಲತೀರದ ಊರಿನ ಮನೆಯೊಂದಕ್ಕೆ ಇಂತಹ ಜೋಡಿಯೊಂದನ್ನು ಮಕ್ಕಳ ಆಸೆಗಾಗಿ ತಂದರೆಂದು ಇಟ್ಟುಕೊಳ್ಳೋಣ. ಅವುಗಳಿಗೆ ಹಿತವಾದುದು ಸುಮಾರು 15ರಿಂದ 20 ಡಿಗ್ರಿ ಉಷ್ಣತೆಯ ನೀರು. ನಮ್ಮ ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಹಗಲಿನ ಉಷ್ಣತೆ 33 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಲ್ಲಿಯ ನೀರಿನ ಕ್ಲೋರಿನ್ ಅವುಗಳಿಗೆ ವಿಷಪ್ರಾಯ. ಕಡಲ ಬಳಿಯ ಬಾವಿಗಳಲ್ಲಿ ಬೇಸಗೆಗೆ ಉಪ್ಪಿನಂಶ ಏರುವುದುಂಟು. ಅವುಗಳ ಮಲದಿಂದುಂಟಾಗುವ ಅಮೋನಿಯ ಆ ತೆಳು ತೊಗಲನ್ನು ಸುಡುತ್ತದೆ. ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬದುಕುವ ಜೀವಿಯಿದು. ಹೀಗಿರುವಾಗ ಒಂದು ದಿನದ ಕುತೂಹಲಕ್ಕಾಗಿ ಕೊಂಡವನು ಎಷ್ಟು ದೀರ್ಘವಾದ ಹೊಣೆಯನ್ನು ಹೊತ್ತನೆಂಬುದನ್ನು ಯೋಚಿಸಬೇಕು.

ಮೊದಲು ಬಂಧದ ವಿಚಾರ. ಜೀವಿಯು ತಾನು ಬಯಸಿದ ಸ್ಥಳಕ್ಕೆ ಹೋಗದಂತೆ ತಡೆಯುವುದೇ ಬಂಧವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಹಗ್ಗವೇ ಬೇಕೆಂದಿಲ್ಲ, ಗಾಜೂ ಸಾಕು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೋವು ಮೊದಲಾದವುಗಳ ವಿಷಯವಾಗಿ ಮೂರು ಮೆಟ್ಟಿಲುಗಳನ್ನು ತೋರಿಸಿದ್ದಾರೆ. ಅವುಗಳಿಂದ ಜೀವನೋಪಾಯವನ್ನೇ ಬಿಡುವುದು ಉತ್ತಮ, ಕಟ್ಟದೆ ಇಟ್ಟುಕೊಳ್ಳುವುದು ಮಧ್ಯಮ, ಕಟ್ಟಲೇಬೇಕಾದಲ್ಲಿ ನಿರ್ದಯತೆಯಿಲ್ಲದೆ ಕಟ್ಟುವುದು ಕನಿಷ್ಠ. ಹಸುವನ್ನು ಹಗಲಿಗೆ ಮೇಯಲು ಬಿಟ್ಟರೆ ಸಂಜೆಗೆ ಹಟ್ಟಿಗೆ ಮರಳುತ್ತದೆ. ನ್ಯೂಟ್‌ನ ವಿಷಯದಲ್ಲಿ ಈ ಮಧ್ಯದ ಮೆಟ್ಟಿಲೇ ಇಲ್ಲ. ಮೇಲಾಗಿ ಹಸುವನ್ನು ಕಟ್ಟುವಲ್ಲಿ ಗೃಹಸ್ಥನ ಜೀವನೋಪಾಯವೆಂಬ ಕಾರಣವಿದೆ. ಇಲ್ಲಿರುವುದು ಕಣ್ಣಿನ ವಿನೋದ ಮಾತ್ರ.

ಎರಡನೆಯದು ಆಹಾರ. ನ್ಯೂಟ್ ಶುದ್ಧ ಮಾಂಸಾಹಾರಿ. ಚಲಿಸುವುದನ್ನು ಕಂಡು ಬಾಯಿ ಹಾಕುವ ಸ್ವಭಾವದ ಇದಕ್ಕೆ ಎರೆಹುಳು, ನೀರಿನ ಹುಳುಗಳನ್ನು ಜೀವಂತವಾಗಿ ಕೊಡುವುದು ವಾಡಿಕೆ. ಒಣ ಗುಳಿಗೆಗಳೂ ಬಹುತೇಕ ಮೀನಿನ ಪುಡಿಯಿಂದಲೇ ತಯಾರಾದವು. ಸೂರ್ಯಾಸ್ತದ ಮೊದಲೇ ಉಂಡು, ನೀರನ್ನು ಸೋಸಿ ಕುಡಿಯುವ ಮನೆಯವರು ತಮ್ಮ ಕೈಯಿಂದಲೇ ದ್ವೀಂದ್ರಿಯ ಜೀವಗಳನ್ನು ತೊಟ್ಟಿಗೆ ಹಾಕಬೇಕಾಗುತ್ತದೆ. ಅಂಗಡಿಯವನು ಕೊಂದುದನ್ನು ತಂದೆವೆಂದರೂ ಕಾರಿತ, ಅನುಮೋದಿತಗಳ ದೋಷ ತಪ್ಪದು. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಎಣಿಸಿರುವುದು ಈ ಕಾರಣಕ್ಕಾಗಿಯೇ.

ಹಾಗಾದರೆ ಅಷ್ಟಮಿ, ಚತುರ್ದಶಿಗಳಲ್ಲಿ ಪ್ರೋಷಧೋಪವಾಸವಿರುವ ಮನೆಯವರು ಅಂದು ಅದಕ್ಕೂ ಆಹಾರ ಕೊಡದಿದ್ದರಾಯಿತೆಂದು ಕೆಲವರು ಹೇಳಬಹುದು. ಬೆಳೆದ ನ್ಯೂಟ್‌ಗೆ ಎರಡು ಮೂರು ದಿನಕ್ಕೊಮ್ಮೆ ಆಹಾರ ಸಾಕಾಗುವುದರಿಂದ ಒಂದು ದಿನದ ಅಂತರದಿಂದ ಬಾಧೆಯೇನೂ ಇಲ್ಲ. ಆದರೆ ಅದನ್ನು ಉಪವಾಸವೆಂದು ಕರೆಯಲಾಗದು. ಉಪವಾಸವು ಸ್ವೇಚ್ಛೆಯ ತ್ಯಾಗ. ಸೆರೆಯಲ್ಲಿರುವವನು ಗತಿಯಿಲ್ಲದೆ ಸಹಿಸುವ ಹಸಿವೆಯನ್ನು ಆಚಾರ್ಯರು ಅಕಾಮನಿರ್ಜರೆಯೆಂದಿದ್ದಾರೆ. ಅದರಿಂದ ಸೆರೆಯಾಳಿಗೆ ಅಷ್ಟಿಷ್ಟು ಪುಣ್ಯ ಸಿಕ್ಕರೂ ಸೆರೆಯಿಟ್ಟವನಿಗೆ ಸಿಗುವುದು ಅನ್ನಪಾನನಿರೋಧದ ದೋಷವೇ.

ಛೇದದ ವಿಷಯದಲ್ಲಿ ಒಂದು ವಿಚಿತ್ರವುಂಟು. ಕಿರಿದಾದ ತೊಟ್ಟಿಯಲ್ಲಿ ನ್ಯೂಟ್‌ಗಳು ಒಂದರ ಕಾಲನ್ನೊಂದು ಕಚ್ಚಿ ತುಂಡರಿಸುವುದುಂಟು. ಕಳೆದ ಕಾಲು, ಬಾಲಗಳು ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತವೆ. ಮತ್ತೆ ಬೆಳೆಯುವುದಾದರೆ ಹಾನಿಯೇನೆಂಬ ಪ್ರಶ್ನೆಗೆ ಉಮಾಸ್ವಾಮಿಗಳ ಲಕ್ಷಣವೇ ಉತ್ತರ. ಪ್ರಮಾದದ ಯೋಗದಿಂದ ಪ್ರಾಣಕ್ಕೆ ಬಾಧೆಯಾದುದೇ ಹಿಂಸೆ. ಗಾಯ ಮಾಯ್ದಿತೆಂಬ ಕಾರಣದಿಂದ ಪ್ರಮಾದವು ಮಾಯುವುದಿಲ್ಲ.

ಇಂತಹ ಸಾಕಣೆಯಿಂದ ಮಕ್ಕಳಲ್ಲಿ ಜೀವದಯೆ ಬೆಳೆಯುವುದೆಂಬ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಬಾಲಕನು ಪ್ರಾಣಿಯನ್ನು ಹತ್ತಿರದಿಂದ ಕಂಡಾಗಲೇ ಅದರ ನೋವನ್ನು ಅರಿಯುತ್ತಾನೆ. ಆದರೆ ಅದಕ್ಕೆ ಸೆರೆಯೇ ಬೇಕೆ? ಮೊದಲ ಮಳೆಗೆ ನಮ್ಮ ಗದ್ದೆಯ ಬದುಗಳಲ್ಲಿ ಕೂಗುವ ಕಪ್ಪೆಗಳಿವೆ. ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಹೋಗುವಾಗ ಕೆಳಗಿನ ನೀರಿನಲ್ಲಿ ಮೀನುಗಳಿವೆ. ರಾಜಗೃಹದಲ್ಲಿ ಒಂದು ಹೂವನ್ನು ಕಚ್ಚಿಕೊಂಡು ಜಿನದರ್ಶನಕ್ಕೆ ಹೊರಟು, ಆನೆಯ ಕಾಲಿಗೆ ಸಿಲುಕಿ ದೇವಗತಿಯನ್ನು ಪಡೆದ ಕಪ್ಪೆಯನ್ನು ಸಮಂತಭದ್ರಾಚಾರ್ಯರು ಪೂಜಾಮಹಿಮೆಗೆ ದೃಷ್ಟಾಂತವಾಗಿ ಸ್ಮರಿಸಿದ್ದಾರೆ. ಸಂಜ್ಞಿ ಪಂಚೇಂದ್ರಿಯ ತಿರ್ಯಂಚಕ್ಕೆ ಅಣುವ್ರತದವರೆಗೂ ಏರುವ ಯೋಗ್ಯತೆಯಿದೆಯೆಂಬುದು ನಮ್ಮ ಸಿದ್ಧಾಂತ. ಆ ಕಪ್ಪೆ ತೊಟ್ಟಿಯಲ್ಲಿದ್ದರೆ ಎಲ್ಲಿಗೆ ಹೊರಡುತ್ತಿತ್ತು?

ಈಗಾಗಲೇ ಮನೆಗೆ ಬಂದಿರುವುದನ್ನು ಏನು ಮಾಡಬೇಕು? ಊರಿನ ಕೆರೆಗೆ ಬಿಡುವುದು ದಯೆಯೆಂದು ತೋರಬಹುದು. ನೀರನ್ನು ಸೋಸಿದಾಗ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿಸುವುದು ನಮ್ಮ ಪದ್ಧತಿ. ಅದರ ಮರ್ಮವೆಂದರೆ ಜೀವಿಯು ತನ್ನ ನೆಲೆಗೇ ಮರಳಬೇಕೆಂಬುದು. ನ್ಯೂಟ್‌ಗೆ ಎರ್ಮಾಳಿನ ಕೆರೆ ನೆಲೆಯಲ್ಲ. ಬಿಸಿಲಿಗೆ ಅದೂ ಸಾಯಬಹುದು, ಅದು ತಂದ ರೋಗಕ್ಕೆ ಇತರ ಜೀವಿಗಳೂ ತುತ್ತಾಗಬಹುದು. ಏಷ್ಯದ ನ್ಯೂಟ್‌ಗಳ ಮೈಯಲ್ಲಿರುವ ಒಂದು ಶಿಲೀಂಧ್ರವು ನೆದರ್ಲೆಂಡ್ಸಿನ ಸಲಮಾಂಡರ್‌ಗಳನ್ನು ನಾಶಮಾಡುತ್ತಿರುವುದು 2013ರಲ್ಲಿ ಬೆಳಕಿಗೆ ಬಂತು. ಅದು ಹರಡಲು ಸಾಕುಪ್ರಾಣಿಗಳ ವ್ಯಾಪಾರವೇ ದಾರಿಯೆಂಬ ಭಯದಿಂದ ಅಮೆರಿಕವು 2016ರಲ್ಲಿ 201 ಜಾತಿಗಳ ಆಮದನ್ನು ತಡೆಯಿತು.

ಆದುದರಿಂದ ಬಿಡಲೂ ಆಗದು, ಹಸಿವಿನಿಂದ ಕೊಲ್ಲಲೂ ಆಗದು. ಕಾಯಿದೆಯಂತೆ ನೋಂದಣಿ ಬೇಕಾದ ಜಾತಿಯಾದರೆ ನೋಂದಾಯಿಸಿ, ನೀರನ್ನು ತಂಪಾಗಿಟ್ಟು, ಸಂತಾನ ಬೆಳೆಯಗೊಡದೆ, ಆಯುಷ್ಯವಿರುವವರೆಗೆ ಅದನ್ನು ಪೋಷಿಸುವುದೊಂದೇ ಉಳಿದ ದಾರಿಯೆಂದು ನಮ್ಮ ಅಭಿಪ್ರಾಯ. ಅದರ ಆಹಾರಕ್ಕಾಗಿ ಆಗುವ ಹಿಂಸೆಯನ್ನು ಪುಣ್ಯವೆಂದು ಭ್ರಮಿಸದೆ ನಿತ್ಯದ ಪ್ರತಿಕ್ರಮಣದಲ್ಲಿ ಆಲೋಚಿಸಿಕೊಳ್ಳಬೇಕು. ಇನ್ನು ಕೊಳ್ಳದಿರುವವರಿಗೆ ದಾರಿ ಸುಲಭ. ಪರಿಗ್ರಹಪರಿಮಾಣವನ್ನು ಬರೆದುಕೊಳ್ಳುವಾಗ ಹೊಲ, ಮನೆ, ಚಿನ್ನಗಳ ಸಾಲಿನಲ್ಲಿ, ವಿನೋದಕ್ಕಾಗಿ ಯಾವ ಜೀವಿಯನ್ನೂ ಸೆರೆಯಿಡುವುದಿಲ್ಲವೆಂಬ ಒಂದು ನಿಯಮವನ್ನೂ ಸೇರಿಸಿಕೊಳ್ಳಲಿ. ಸಣ್ಣ ನಿಯಮವಾದರೂ ಮನೆಯ ಮಕ್ಕಳು ಅದರ ಕಾರಣವನ್ನು ಕೇಳಿಯೇ ಕೇಳುವರು. ಆ ಪ್ರಶ್ನೆಗೆ ತಂದೆತಾಯಿಗಳು ಕೊಡುವ ಉತ್ತರದಿಂದಲೇ ಅವರಿಗೆ ಜೀವದಯೆಯ ಮೊದಲ ಪಾಠವಾಗಲಿ.